ಹಿಂದಿನ ಚಕ್ರದ ಕುಣಿತ

ಅಣ್ಣ ಹಾಕಿದ ವಿಡಿಯೋವನ್ನು ಶಿಲ್ಪ ಮೊದಲು ನೋಡಿದ್ದು ಗಂಗಾನಗರದ ಸಿಗ್ನಲ್‌ನಲ್ಲಿ. ಅವಳ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುತ್ತಿದ್ದ ರಮಾ ಎಂಬ ಬ್ಯಾಂಕ್ ಉದ್ಯೋಗಿ, ಕೆಂಪು ದೀಪ ಬಿದ್ದ ಧೈರ್ಯದಲ್ಲಿ ಸ್ಟಿಯರಿಂಗ್ ಬಿಟ್ಟು ಫೋನನ್ನು ಪಕ್ಕಕ್ಕೆ ಚಾಚಿದಳು.

“ಮೇಡಂ, ಇದು ನೀವೇ ಅಲ್ವಾ?”

ಫೋನಿನಲ್ಲಿ ಒಂದು ಬೂದು ಬಣ್ಣದ ಅಂಬಾಸಿಡರ್ ಹೊರಡಲು ಸಿದ್ಧವಾಗಿ ನಿಂತಿತ್ತು. ಹಸಿರು ಬಾವುಟ ಬಿದ್ದದ್ದೇ ತಡ, ಅದರ ಹಿಂಭಾಗ ಕುಣಿಯತೊಡಗಿತು. ಚಕ್ರಗಳು ಹಾರಿ ಹಾರಿ ನೆಲಕ್ಕೆ ಅಪ್ಪಳಿಸಿದವು, ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಹುಲ್ಲಿನ ಮೂಟೆಗಳ ಸಾಲಿಗೆ ನುಗ್ಗಿ ನಿಂತಿತು. ಬಾಗಿಲು ತೆಗೆದು ಕೆಳಗಿಳಿದ ಹೆಂಗಸಿನ ತಲೆಯ ಮೇಲೆಲ್ಲಾ ಹುಲ್ಲು. ಅದರ ಕೆಳಗೆ ಅಣ್ಣ ನಂದಕುಮಾರ್ ನಗುವ ಮುಖಗಳನ್ನು ಜೋಡಿಸಿ ಬರೆದಿದ್ದ: “ನಮ್ಮ ಅಂಗಡಿ ಟೈರು, ನಮ್ಮ ತಂಗಿ ಡಾನ್ಸು!” ಅದಕ್ಕೂ ಕೆಳಗೆ ಯಾರೋ ಒಬ್ಬ, ಆಂಟಿ ಸ್ಕೂಟಿ ಓಡಿಸಿದ್ದರೆ ಸಾಕಿತ್ತು ಎಂದಿದ್ದ. ಅವನಿಗೆ ಮೆಚ್ಚುಗೆಯ ಸುರಿಮಳೆಯೇ ಆಗಿತ್ತು.

“ನಾನೇ,” ಎಂದಳು ಶಿಲ್ಪ. “ಫೋನ್ ಒಳಗಿಡಿ. ಸಿಗ್ನಲ್ ಬಿತ್ತು, ಫಸ್ಟ್ ಗೇರ್ ಹಾಕಿ.”

ಹೇಳುವುದಕ್ಕೇನೋ ಶಾಂತವಾಗಿಯೇ ಹೇಳಿದಳು. ಆದರೆ ಕಿವಿಯ ಬುಡ ಸುಡುತ್ತಿತ್ತು. ಆ ದಿನ ಕಾರು ಓಟದ ಟ್ರ್ಯಾಕಿನಲ್ಲಿ ಹುಲ್ಲಿನ ಮೂಟೆಯ ಹತ್ತಿರ ಮೊದಲು ಓಡಿಬಂದವನು ನಂದಣ್ಣನೇ. “ಏನಾಯ್ತಮ್ಮ, ಏಟಾಯ್ತಾ?” ಎಂದು ಅವಳ ಕೈಕಾಲೆಲ್ಲಾ ಮುಟ್ಟಿ ನೋಡಿದ್ದ. ಅದೇ ಮನುಷ್ಯ ಮನೆಗೆ ಹೋಗಿ ಇದನ್ನು ಊರಿಗೆಲ್ಲಾ ಹಂಚಿದ್ದ.

ಆ ಕಾರು ಅವರ ತಂದೆ ಮುನಿಗಂಗಪ್ಪನವರದು. ಹೆಬ್ಬಾಳದ ಹಳೇ ಊರಿನ ಮನೆತನ. ಹೊಲ ಬಡಾವಣೆಯಾದಾಗ ಅವರು ಅಂಬಾಸಿಡರ್ ಕೊಂಡು ಬಾಡಿಗೆಗೆ ಓಡಿಸಿದರು. ಕಾರು ಮನೆಯ ಲಕ್ಷ್ಮಿ ಎಂದು ಹೆಂಡತಿ ಗೋಪಾಲಮ್ಮನ ಹೆಸರಿನಲ್ಲೇ ಮಾಡಿಸಿದ್ದರು. ಮುನಿಗಂಗಪ್ಪ ತೀರಿಕೊಂಡ ಮೇಲೆ ಅದು ಹಿತ್ತಲಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಗಂಡನೊಂದಿಗೆ ಬಾಳಲಾರೆನೆಂದು ತವರಿಗೆ ಬಂದ ಶಿಲ್ಪ ಸಂಜಯನಗರದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಳು. ಸ್ಕೂಲು ತನ್ನ ಕಾಲ ಮೇಲೆ ನಿಂತ ಮೇಲೆ ಆ ಹೊದಿಕೆ ತೆಗೆದಳು. ಯಶವಂತಪುರದ ನಾಸಿರ್ ಲಾರಿಗಳ ಕೆಲಸ ಮಾಡುವ ಮೆಕ್ಯಾನಿಕ್. ಅವನ ಜೊತೆ ಸೇರಿ ಹಳೆಯ ಎಂಜಿನ್ ಇಳಿಸಿ, ಅಪಘಾತವಾಗಿದ್ದ ಜೀಪೊಂದರ ದೊಡ್ಡ ಪೆಟ್ರೋಲ್ ಎಂಜಿನ್ ಕೂರಿಸಿದಳು. ಬ್ರೇಕ್ ಬದಲಾಯಿಸಿದಳು. ಆರ್‌ಟಿಓಗೆ ಅಲೆದು ಎಲ್ಲವನ್ನೂ ಸಕ್ರಮ ಮಾಡಿಸಿಕೊಂಡಳು. ಹೊರಗಿನಿಂದ ಅದೇ ದುಂಡು ಬೆನ್ನಿನ ಅಂಬಾಸಿಡರ್. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಮಾತ್ರ ಹೆಬ್ಬಾಳದ ಫ್ಲೈಓವರನ್ನು ಉಸಿರು ಬಿಡದೆ ಹತ್ತುತ್ತಿತ್ತು.

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ನಂದಕುಮಾರನ ಟೈರ್ ಅಂಗಡಿ. ಕಾರು ಸಿದ್ಧವಾದ ದಿನ ಅವನು ಅಗಲವಾದ ಟೈರುಗಳನ್ನೂ ಹೊಳೆಯುವ ಅಲಾಯ್ ಚಕ್ರಗಳನ್ನೂ ಉಡುಗೊರೆ ಕೊಟ್ಟ. ಹಿಂಭಾಗ ತಗ್ಗಿ ಕೂತರೆ ಗತ್ತು ಎಂದು ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಿಮ್ಮಿಗಳನ್ನು ಇಡಿಸಿ ಕಾರನ್ನು ಇಳಿಸಿದ. ಶಿಲ್ಪ ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಕನ್ನಡಿಯಂಥ ಆ ಚಕ್ರಗಳನ್ನು ನೋಡಿ ಅವಳೂ ಮರುಳಾಗಿದ್ದಳು.

ಸಂಜೆ ಮನೆಗೆ ಬಂದರೆ ಹಜಾರದಲ್ಲಿ ನಂದಕುಮಾರನ ಜೊತೆ ಇನ್ನೊಬ್ಬರು ಕೂತು ಕಾಫಿ ಕುಡಿಯುತ್ತಿದ್ದರು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೊಸ ಹೋಟೆಲ್ ತೆರೆಯುತ್ತಿರುವ ವಿಜಯ್ ಕುಮಾರ್ ಎಂದು ಅಣ್ಣ ಪರಿಚಯಿಸಿದ. ಮನುಷ್ಯ ನಗುಮುಖದವರು.

“ನಿಮ್ಮ ವಿಡಿಯೋ ನೋಡ್ದೆ ಮೇಡಂ. ಸೂಪರ್ ಗಾಡಿ. ನಮ್ಮ ಹೋಟ್ಲು ಬಾಗಿಲಲ್ಲಿ ಇಡ್ಬೇಕು ಅಂತ ಆಸೆ.”

“ಇಡೋದು ಅಂದ್ರೆ?”

“ಮುಂದಿನ ಅರ್ಧ ಕತ್ತರಿಸಿ ಗೋಡೆಗೆ ಫಿಕ್ಸ್ ಮಾಡ್ತೀವಿ. ಬಾನೆಟ್ ಮೇಲೆ ದೋಸೆ ಕೌಂಟರ್. ಲೈಟ್ ಎಲ್ಲಾ ಉರಿಯುತ್ತೆ. ಜನ ಫೋಟೋ ಹೊಡ್ಕೋತಾರೆ.”

ಶಿಲ್ಪ ಅಣ್ಣನ ಮುಖ ನೋಡಿದಳು. ಅವನು ಲೋಟದ ತಳ ನೋಡುತ್ತಿದ್ದ.

“ಎಂಜಿನ್ ಏನ್ ಮಾಡ್ತೀರ?”

“ಅದು ನಮಗ್ಯಾಕೆ ಮೇಡಂ,” ಎಂದು ವಿಜಯ್ ಕುಮಾರ್ ನಕ್ಕರು.

“ನಂದಣ್ಣ, ಕಾರು ಮಾರೋಕಿಲ್ಲ ಅಂತ ಇವ್ರಿಗೆ ಹೇಳು.”

“ಕಾರು ನಿಂದಲ್ಲ ಕಣಮ್ಮ, ಅಮ್ಮಂದು,” ಎಂದ ನಂದಕುಮಾರ್. ಸ್ವರ ಏರಿಸಲಿಲ್ಲ. “ಆವತ್ತು ಹುಲ್ಲಿನ ಮೂಟೆ ಇತ್ತು, ಬದುಕಿದೆ. ರೋಡಲ್ಲಿ ಲಾರಿ ಇರುತ್ತೆ. ಆ ಗಾಡಿ ಅಷ್ಟು ಪವರ್ ತಡ್ಯಲ್ಲ. ಎಷ್ಟು ಅಗಲದ ಟೈರ್ ಹಾಕಿದ್ರೂ ತಡ್ಯಲ್ಲ, ನೀನೇ ನೋಡಿದ್ಯಲ್ಲ.”

“ಅಗಲದ ಟೈರ್ ಹಾಕಿದ್ದಕ್ಕೇ ತಡೀಲಿಲ್ವೋ ಏನೋ.”

“ಹದಿನೆಂಟು ವರ್ಷದಿಂದ ಟೈರ್ ಮಾರ್ತಿದೀನಿ. ನಂಗೆ ಹೇಳ್ಕೊಡ್ಬೇಡ.”

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಗೋಪಾಲಮ್ಮ ಇಬ್ಬರನ್ನೂ ನೋಡುತ್ತಿದ್ದರು. ಸೊಂಟನೋವಿನ ಹೆಂಗಸು, ನಿಲ್ಲುವಾಗ ಒಂದು ಕೈ ಸದಾ ಸೊಂಟದ ಮೇಲೆ. ಸೊಸೆಯ ಫೋನಿನಲ್ಲಿ ಅವರೂ ಆ ವಿಡಿಯೋ ನೋಡಿದ್ದರು, ನೋಡಿ ಮಧ್ಯಾಹ್ನ ಊಟ ಬಿಟ್ಟಿದ್ದರು.

“ಅವ್ನ್ ಏಳಾದ್ರಾಗೆ ತಪ್ಪೇನೈತೆ ಶಿಲ್ಪ? ಇಂಗೆ ಕುಣಿಯಾ ಗಾಡಿ ಮನ್ಯಾಗ್ಯಾಕೆ? ಕೊಟ್ಬಿಡಾನ.”

“ಅಮ್ಮ, ಮುಂದಿನ ಓಟ ಬರೋ ತಿಂಗ್ಳು ಕೊನೇ ಭಾನುವಾರ. ಅಲ್ಲೀವರ್ಗೂ ಟೈಮ್ ಕೊಡು. ಆಮೇಲೆ ನೀನೇ ಹೇಳು.”

“ನಂಗೇನ್ ಗೊತ್ತಾಯ್ತದೆ?”

“ಹಿಂದಿನ ಸೀಟಲ್ಲಿ ಕೂತ್ಕೊ. ನಿಂಗೆ ಭಯ ಆಯ್ತು ಅಂದ್ರೆ ನಾನೇ ತಳ್ಕೊಂಡ್ಹೋಗಿ ಹೋಟ್ಲು ಬಾಗಿಲಲ್ಲಿ ಬಿಟ್ಟು ಬರ್ತೀನಿ.”

ಗೋಪಾಲಮ್ಮ ಮಗಳ ಮುಖ ನೋಡಿದರು. ಮಗಳು ಗಂಡನ ಮನೆ ಬಿಟ್ಟು ಬಂದ ದಿನವೂ ಇದೇ ಹಜಾರದಲ್ಲಿ ಹೀಗೆಯೇ ಗದ್ದ ಎತ್ತಿ ನಿಂತಿದ್ದಳು.

“ಆಯ್ತು, ಕೂತು ನೋಡ್ತೀನಿ,” ಎಂದರು.

ಮಾರನೆಯ ದಿನವೇ ಶಿಲ್ಪ ಕಾರನ್ನು ಯಶವಂತಪುರಕ್ಕೆ ಒಯ್ದಳು. ನಾಸಿರನ ಶೆಡ್ ಲಾರಿ ನಿಲ್ದಾಣದ ಹಿಂದೆ. ಇಬ್ಬರೂ ವಿಡಿಯೋವನ್ನು ಹತ್ತು ಸಲ ನೋಡಿದರು. ಚಕ್ರ ಹಾರುತ್ತಿರುವುದು ಕಾಣುತ್ತಿತ್ತು, ಯಾಕೆ ಹಾರುತ್ತಿದೆ ಎಂಬುದು ಕಾಣುತ್ತಿರಲಿಲ್ಲ.

“ಒಳಗಿಂದ ನೋಡ್ಬೇಕು,” ಎಂದಳು ಶಿಲ್ಪ. ತನ್ನ ಹಳೆಯ ಫೋನನ್ನು ಕಾರಿನ ಹೊಟ್ಟೆಗೆ, ಹಿಂದಿನ ಆಕ್ಸಲ್ ಕಾಣುವಂತೆ, ಟೇಪು ಸುತ್ತಿ ಕಟ್ಟಿದಳು. ಶೆಡ್ಡಿನ ಹಿಂದೆ ಖಾಲಿ ಬಿದ್ದಿದ್ದ ಗೋದಾಮಿನ ಅಂಗಳದಲ್ಲಿ ಒಮ್ಮೆ ಜೋರಾಗಿ ಕ್ಲಚ್ ಬಿಟ್ಟಳು. ಕಾರು ದಡದಡ ಕುಣಿಯಿತು. ಇಳಿದು ಬಂದು ಆ ಚಿತ್ರವನ್ನು ನಿಧಾನ ಮಾಡಿ ನೋಡಿದರು.

ಅಂಬಾಸಿಡರ್‌ನ ಹಿಂಭಾಗವನ್ನು ಹೊರುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು, ಒಂದರ ಮೇಲೊಂದು ಜೋಡಿಸಿ ಕಟ್ಟಿದವು. ಎಂಜಿನ್ ತನ್ನ ಬಲವನ್ನೆಲ್ಲಾ ಒಮ್ಮೆಗೇ ಕೊಟ್ಟಾಗ ಚಕ್ರ ನೆಲವನ್ನು ಕಚ್ಚುತ್ತಿತ್ತು, ಆಕ್ಸಲ್ ಮೂತಿ ಮೇಲೆತ್ತುತ್ತಿತ್ತು, ಪಟ್ಟಿಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತಿದ್ದವು. ತಡೆಯಲಾರದಷ್ಟು ತಿರುಚಿದಾಗ ಟೈರ್ ಹಿಡಿತ ಬಿಡುತ್ತಿತ್ತು, ಪಟ್ಟಿಗಳು ಚಿಮ್ಮಿ ವಾಪಸಾಗುತ್ತಿದ್ದವು, ಟೈರ್ ಮತ್ತೆ ಕಚ್ಚುತ್ತಿತ್ತು. ಇದೇ ಆ ಕುಣಿತ.

“ಈ ದಿಮ್ಮಿ ನೋಡಿ ಅಕ್ಕ,” ಎಂದು ನಾಸಿರ್ ಬೆರಳಿಟ್ಟ. “ಆಕ್ಸಲ್ಲು ಪಟ್ಟಿಯಿಂದ ದೂರ ಆದಷ್ಟೂ ತಿರುಚೋ ಜೋರು ಜಾಸ್ತಿ. ಉದ್ದ ಸ್ಪ್ಯಾನರಲ್ಲಿ ನಟ್ ತಿರುವಿದ ಹಂಗೆ. ನಾನೇ ಕೂರಿಸ್ದೆ, ನಂಗೇ ಹೊಳೀಲಿಲ್ಲ.”

“ನಂಗೂ ಹೊಳೀಲಿಲ್ಲ. ಗತ್ತಾಗಿ ಕಾಣ್ತಿತ್ತು, ಸುಮ್ನಾದೆ. ತೆಗಿ ಇದನ್ನ.”

ದಿಮ್ಮಿ ತೆಗೆದ ಕೂಡಲೇ ಕಾರಿನ ಬೆನ್ನು ಎದ್ದಿತು. ಆಮೇಲೆ ಚಕ್ರ. ಅಣ್ಣ ಕೊಟ್ಟ ಟೈರುಗಳ ಪಕ್ಕದ ಅಂಚು ಗಿಡ್ಡ, ರಬ್ಬರು ಗಟ್ಟಿ. ಎಳೆತ ಬಿದ್ದರೆ ಬಾಗಿ ಹಿಡಿಯುವ ಗುಣವೇ ಅವಕ್ಕಿರಲಿಲ್ಲ. ಸಾಲದ್ದಕ್ಕೆ ಮಡ್‌ಗಾರ್ಡಿನ ಒಳಗಂಚಿಗೆ ಉಜ್ಜಿ ಒಂದು ಕಡೆ ಕತ್ತಿಯಿಂದ ಗೀರಿದಂತಾಗಿತ್ತು. ಶಿಲ್ಪ ನಾಲ್ಕನ್ನೂ ಬಿಚ್ಚಿ ಸ್ಕೂಲಿನ ಕಾರಿನ ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿದಳು.

ಟೈರ್ ಅಂಗಡಿಯಲ್ಲಿ ಶನಿವಾರದ ಜನ. ಶಿಲ್ಪ ಚಕ್ರಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬಂದು ಅಣ್ಣನ ಮೇಜಿಗೆ ಒರಗಿಸಿದಳು.

“ಏನಿದು?” ಎಂದ ನಂದಕುಮಾರ್.

“ನಿನ್ ಚಕ್ರ. ಇವು ನನ್ ಕಾರಿಗೆ ಬೇಡ.”

“ಶಿಲ್ಪ, ಕಸ್ಟಮರ್ ಇದಾರೆ.”

“ನಾನೂ ಕಸ್ಟಮರ್ರೇ. ಎತ್ತರದ ಅಂಚಿನದು, ಮೆತ್ತನೆ ರಬ್ಬರಿನದು, ಇದಕ್ಕಿಂತ ಎರಡು ಬೆರಳು ಕಮ್ಮಿ ಅಗಲದ್ದು ಕೊಡು.”

“ಅದನ್ನ ಹಾಕಿದ್ರೆ ತರಕಾರಿ ಗಾಡಿ ಕಂಡ ಹಂಗೆ ಕಾಣುತ್ತೆ ಕಣಮ್ಮ! ನನ್ ಅಂಗಡಿ ಹೆಸ್ರು ಏನಾಗ್ಬೇಕು?”

“ಅದು ನಿನ್ ಅಂಗಡಿ ಬೋರ್ಡ್ ಅಲ್ಲ, ಅಪ್ಪನ ಕಾರು.”

ಗಿರಾಕಿಗಳೆಲ್ಲಾ ಇತ್ತ ತಿರುಗಿದರು. ನಂದಕುಮಾರನ ಮುಖ ಕಪ್ಪಿಟ್ಟಿತು. “ನನ್ನತ್ರ ಇಲ್ಲ, ಬೇರೆ ಕಡೆ ನೋಡ್ಕೊ,” ಎಂದ. ಹಿಂದಿನ ಗೋಡೆಯ ಮೇಲೆ ಅಂಥವು ಸಾಲಾಗಿ ನೇತಾಡುತ್ತಿದ್ದವು. ಶಿಲ್ಪ ಅವುಗಳನ್ನೇ ಒಂದು ಸಲ ದಿಟ್ಟಿಸಿ ನೋಡಿ, ಹೊರಗೆ ಬಂದು, ಎದುರುಗಡೆಯ ಅಂಗಡಿಯಲ್ಲಿ ಕೊಂಡಳು. ಅಣ್ಣ ಗಾಜಿನ ಆಚೆಯಿಂದ ನೋಡುತ್ತಿದ್ದಾನೆಂದು ಗೊತ್ತಿತ್ತು. ತಿರುಗಿ ನೋಡಲಿಲ್ಲ.

ಶೆಡ್ಡಿನಲ್ಲಿ ನಾಸಿರ್ ಕಾರಿನ ಹಳೆಯ ಚಕ್ರಗಳಿಗೆ ಆ ಟೈರುಗಳನ್ನು ತೊಡಿಸಿ, ಹೊಸ ಪಟ್ಟಿಗಳನ್ನು ಸೇರಿಸಿ ಸ್ಪ್ರಿಂಗನ್ನು ಬಿಗಿ ಮಾಡಿದ. ಶಾಕ್ ಅಬ್ಸಾರ್ಬರ್ ಹೊಸದು ಹಾಕಿದ. ಗೋದಾಮಿನ ಅಂಗಳದಲ್ಲಿ ಕಾರು ಬಾಣದ ಹಾಗೆ ಹೊರಟಿತು. ಶಿಲ್ಪ ಕಿರುಚಿಕೊಂಡೇ ಇಳಿದಳು. ಅದೇ ಖುಷಿಯಲ್ಲಿ ಮನೆಗೆ ಹೋಗಿ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು.

ಸಂಜಯನಗರದ ಮೊದಲ ಹಂಪ್ಸಿನಲ್ಲೇ ಗೋಪಾಲಮ್ಮನ ತಲೆ ಛಾವಣಿಗೆ ಬಡಿಯಿತು. ಎರಡನೆಯದರಲ್ಲಿ “ಅಯ್ಯಪ್ಪ!” ಎಂದರು. ಮೂರನೆಯದು ಬರುವ ಮೊದಲೇ ಮುಂದಿನ ಸೀಟನ್ನು ಗುದ್ದಿದರು.

“ನಿಲ್ಸು, ನಿಲ್ಸು! ನನ್ ಸ್ವಾಂಟ ಓಯ್ತು!”

ರಸ್ತೆ ಬದಿಗೆ ನಿಲ್ಲಿಸಿದಳು. ತಾಯಿ ಸೊಂಟ ಹಿಡಿದುಕೊಂಡು ಇಳಿದು ಮರದ ಕಟ್ಟೆಯ ಮೇಲೆ ಕೂತರು.

“ಭಯ ಆಯ್ತಾ ಅಮ್ಮ?”

“ಭಯ ಏನಿಲ್ಲ. ಆದ್ರೆ ಇದ್ರಾಗೆ ಮನುಷ್ಯ್ರು ಕೂರಾಕಾಯ್ತದಾ? ನಿಮ್ಮಪ್ಪನ್ ಕಾರಾಗೆ ನಿದ್ದೆ ಬರ್ತಿತ್ತು ಕಣೆ. ಇದು ಕಲ್ಲಿನ್ ಗಾಡಿ. ಮನೇಗ್ ಆಟೋದಾಗೆ ಓಯ್ತೀನಿ.”

ನಿಜಕ್ಕೂ ಆಟೋ ಹತ್ತಿ ಹೋದರು. ಶಿಲ್ಪ ಆ ಕಟ್ಟೆಯ ಮೇಲೆ ಒಬ್ಬಳೇ ಕೂತಳು. ಕೋಪ ಬಂದಿದ್ದು ತಾಯಿಯ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

“ಎರಡರಲ್ಲಿ ಒಂದು ಆರಿಸ್ಕೊಳ್ಳಿ ಅಕ್ಕ,” ಎಂದ ನಾಸಿರ್, ಅವಳು ಶೆಡ್ಡಿಗೆ ವಾಪಸಾದಾಗ. “ಓಟ ಬೇಕಾ, ಅಮ್ಮನ ಸೊಂಟ ಬೇಕಾ? ಬಿಗಿ ಮಾಡಿದ್ರೆ ನೆಟ್ಟಗೆ ಓಡುತ್ತೆ. ಮೆತ್ತಗೆ ಮಾಡಿದ್ರೆ ಸುಖವಾಗಿರುತ್ತೆ. ಎಲ್ರೂ ಒಂದನ್ನ ಬಿಡ್ತಾರೆ.”

“ಎಲ್ರೂ ಬಿಡ್ಲಿ. ನಾನು ಬಿಡಲ್ಲ.”

“ಅದೆಂಗಾಗುತ್ತೆ?”

“ನಾಸಿರ್, ಇದು ರೋಡಲ್ಲಿ ಓಡೋ ಕಾರು. ಬೆಳಿಗ್ಗೆ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ಹೋಗ್ಬೇಕು, ಅದೇ ಚಕ್ರದಲ್ಲಿ ಸಂಜೆ ಓಡ್ಬೇಕು. ಒಂದು ಮಾತ್ರ ಮಾಡೋದಾದ್ರೆ ಆ ಹೋಟ್ಲಿನವ್ರಿಗೇ ಕೊಡ್ಬೋದಿತ್ತು, ದೋಸೆ ಒಂದಾದ್ರೂ ಚೆನ್ನಾಗ್ ಹುಯ್ತಿತ್ತು.”

ನಾಸಿರ್ ನಕ್ಕ. ನಕ್ಕ ಮೇಲೆ ಇಬ್ಬರೂ ಯೋಚಿಸಿದರು. ಗುಂಡಿ ಬಂದಾಗ ಪಟ್ಟಿ ಮೇಲೆ ಕೆಳಗೆ ಬಳುಕಬೇಕು. ಅದು ಸುಖ. ಎಳೆತ ಬಿದ್ದಾಗ ಮಾತ್ರ ತಿರುಚಬಾರದು. ಹಾಗಾದರೆ ಬಳುಕುವುದನ್ನು ಬಿಟ್ಟು ತಿರುಚುವುದೊಂದನ್ನೇ ತಡೆದರೆ? ಆಕ್ಸಲ್ಲಿಗೆ ಒಂದು ಗಟ್ಟಿ ಸಲಾಕೆ ಬಿಗಿದು, ಅದರ ತುದಿಗೆ ರಬ್ಬರಿನ ಗುಂಡು ಕೂರಿಸಿ, ಪಟ್ಟಿಯ ಮುಂತುದಿ ಕಾರಿಗೆ ಸೇರುವಲ್ಲಿ ಅದರ ಕೆಳಗೆ ಬೆರಳು ತೂರುವಷ್ಟು ಸಂದು ಬಿಡುವುದೆಂದು ಶಿಲ್ಪ ಹೇಳಿದಳು; ಬೇರೆ ದೇಶದವರು ಹಾಗೆ ಮಾಡಿದ್ದನ್ನು ಅವಳು ಎಲ್ಲೋ ನೋಡಿದ್ದಳು. ಆಕ್ಸಲ್ ಮೂತಿ ಎತ್ತಲು ಹೋದರೆ ಸಲಾಕೆ ಮೇಲೆದ್ದು ತಡೆಯುತ್ತದೆ. ಉಳಿದ ಹೊತ್ತು ತನ್ನ ಪಾಡಿಗೆ ತಾನು ಸುಮ್ಮನಿರುತ್ತದೆ. ಲಾರಿಯ ಹಳೆ ರಬ್ಬರಿನಲ್ಲಿ ಗುಂಡು ಕಡೆದವನು ನಾಸಿರ್. ಮೊದಲ ಸಲ ಬೆಸುಗೆ ಬಿಟ್ಟುಕೊಂಡಿತು. ಎರಡನೆಯ ಸಲ ಬಲಗಡೆ ಸಂದು ಹೆಚ್ಚಾಗಿ ಕಾರು ಓರೆ ಓಡಿತು. ನಾಸಿರ್ ಬೈಯುತ್ತಲೇ ಮತ್ತೆ ಮಾಡಿದ. ಹೆಚ್ಚಿಗೆ ಸೇರಿಸಿದ್ದ ಪಟ್ಟಿಗಳನ್ನು ತೆಗೆದು ಹಾಕಿದರು.

ಕೊನೆಗೆ ಗಾಳಿ. ಶಿಲ್ಪ ಸೀಮೆಸುಣ್ಣದಿಂದ ಟೈರಿನ ಅಡ್ಡಕ್ಕೆ ಗೆರೆ ಎಳೆದು ಕಾರನ್ನು ಸ್ವಲ್ಪ ದೂರ ಓಡಿಸುವಳು. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ಇಳಿಸಿ, ಏರಿಸಿ, ಮತ್ತೆ ಗೆರೆ ಎಳೆದು, ಉದ್ದಕ್ಕೂ ಒಂದೇ ಸಮ ಅಳಿಸುವ ತನಕ ಬಿಡಲಿಲ್ಲ. ಸ್ಕೂಲಿನಲ್ಲಿ ಅವಳ ಕೈಯ ಸುಣ್ಣ ಕಂಡ ರಮಾ, “ನೀವು ಟೀಚರ್ ಕೆಲಸಾನೂ ಮಾಡ್ತೀರಾ ಮೇಡಂ?” ಎಂದು ಕೇಳಿದಳು.

ಓಟದ ಭಾನುವಾರ ಬೆಳಿಗ್ಗೆ ಗೋಪಾಲಮ್ಮ ಹಿಂದಿನ ಸೀಟಿಗೆ ಎರಡು ದಿಂಬು ತಂದಿಟ್ಟುಕೊಂಡು ಅನುಮಾನದಿಂದಲೇ ಕೂತರು. ಸಂಜಯನಗರದ ಹಂಪ್ಸುಗಳು ಬಂದವು, ಹೋದವು. ಹೆಬ್ಬಾಳ ದಾಟಿದ ಮೇಲೆ ಶಿಲ್ಪ ಖಾಲಿ ರಸ್ತೆ ನೋಡಿ ಕಾಲೊತ್ತಿದಳು. ಕಾರು ಕುಣಿಯದೆ, ಜಾರದೆ, ನೆಲಕ್ಕೆ ಅಂಟಿಕೊಂಡೇ ಎದ್ದು ಹೋಯಿತು. ಯಲಹಂಕ ಹತ್ತಿರವಾದಾಗ ಶಿಲ್ಪ ಕನ್ನಡಿಯಲ್ಲಿ ನೋಡಿದಳು. ಒಂದು ದಿಂಬು ಕೆಳಗೆ ಬಿದ್ದಿತ್ತು. ಗೋಪಾಲಮ್ಮ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು.

ಯಲಹಂಕದ ಆಚೆಗಿನ ಖಾಸಗಿ ಟ್ರ್ಯಾಕಿನಲ್ಲಿ ಆಗಲೇ ಜನ ಸೇರಿದ್ದರು. ಗೇಟಿನ ಪಕ್ಕ ನಂದಕುಮಾರ್ ನಿಂತಿದ್ದ, ಜೊತೆಗೆ ವಿಜಯ್ ಕುಮಾರ್. ಅವರ ಹಿಂದೆ ಕಾರು ಹೊತ್ತೊಯ್ಯುವ ಲಾರಿಯೊಂದು ಇಳಿಜಾರು ಹಲಗೆಗಳನ್ನು ಆಗಲೇ ಕೆಳಗೆ ಚಾಚಿಕೊಂಡಿತ್ತು.

ಶಿಲ್ಪ ಆ ಲಾರಿ ನೋಡಿದಳು. “ಓಟ ಮುಗಿಯೋವರ್ಗೂ ಕಾಯೋಕಾಗ್ಲಿಲ್ವಾ?”

“ಮೂಟೆಗೆ ಗುದ್ದಿದ್ರೆ ಮನೇಗೆ ಹೆಂಗೆ ಎಳ್ಕೊಂಡ್ಹೋಗ್ತೀಯ? ಅದಕ್ಕೇ ತರಿಸ್ದೆ,” ಎಂದ ನಂದಕುಮಾರ್. ಮಾತು ಒರಟಾಗಿತ್ತು, ಆದರೆ ಅವನ ಕಣ್ಣಲ್ಲಿ ಇದ್ದದ್ದು ಹೆದರಿಕೆ. “ಬೇಡ ಕಣೆ. ಇವತ್ತೂ ಹಂಗೇ ಆದ್ರೆ?”

“ಆದ್ರೆ ನೀನೇ ವಿಡಿಯೋ ಮಾಡು, ಅಭ್ಯಾಸ ಐತಲ್ಲ,” ಎಂದು ತಾಯಿಯನ್ನು ಇಳಿಸಿ ಕುರ್ಚಿಯೊಂದರಲ್ಲಿ ಕೂರಿಸಿ, ಹೆಲ್ಮೆಟ್ ಹಾಕಿಕೊಂಡಳು.

ಮೊದಲ ಓಟ ಒಂಟಿ ಓಟ, ಕಾರು ನೆಟ್ಟಗೆ ಹೋಗುತ್ತದೆಂದು ತೋರಿಸಲು. ಅವಳ ಹೆಸರು ಕೂಗಿದಾಗ ಗುಂಪಿನಲ್ಲಿ ಯಾರೋ “ಡಾನ್ಸ್! ಡಾನ್ಸ್!” ಎಂದು ಶುರು ಮಾಡಿದರು, ಹತ್ತಾರು ಗಂಟಲು ಸೇರಿಕೊಂಡವು. ಶಿಲ್ಪ ಗಾಜು ಇಳಿಸಿ ಅವರೆಲ್ಲರಿಗೂ ಕೈ ಬೀಸಿದಳು. ಬಾವುಟ ಬಿತ್ತು. ಕ್ಲಚ್ ಬಿಟ್ಟಳು. ಬೆನ್ನ ಹಿಂದೆ ರಬ್ಬರಿನ ಗುಂಡುಗಳು ಠಕ್ಕೆಂದು ಕೂತದ್ದು ಸೀಟಿನಲ್ಲೇ ತಿಳಿಯಿತು. ಕಾರು ಒಮ್ಮೆ ಹಿಂದೆ ಕುಕ್ಕರಿಸಿ ಮುಂದಕ್ಕೆ ಚಿಮ್ಮಿತು. ಸ್ಟಿಯರಿಂಗ್ ಅವಳ ಕೈಯಲ್ಲಿ ಅಲುಗಲಿಲ್ಲ. ಟ್ರ್ಯಾಕಿನ ಕೊನೆ ಮುಟ್ಟುವ ತನಕ ಅವಳಿಗೆ ಉಸಿರು ಬಿಡುವುದೇ ನೆನಪಾಗಲಿಲ್ಲ.

ಎರಡನೆಯ ಓಟ ಜೋಡಿ ಓಟ. ಪಕ್ಕದಲ್ಲಿ ಬಂದು ನಿಂತದ್ದು ಜಾಲಹಳ್ಳಿಯ ಅರ್ಮಾನ್ ಎಂಬುವನ ಹೊಸ ವಿದೇಶಿ ಕಾರು. ಅದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಕಾರುಗಳನ್ನು ಸಾಲಿಗೆ ನಿಲ್ಲಿಸುವವನು ಬಗ್ಗಿ, “ಮೇಡಂ, ಬೇಡ ಅಂದ್ರೆ ಬಿಡ್ಬೋದು, ತೊಂದ್ರೆ ಇಲ್ಲ,” ಎಂದ.

“ಬಾವುಟ ಬೀಸ್ರಿ,” ಎಂದಳು ಶಿಲ್ಪ.

ಅರ್ಮಾನ್ ಗೆದ್ದ, ಸುಲಭವಾಗಿಯೇ ಗೆದ್ದ. ಆದರೆ ಹೊರಟ ಮೊದಲ ಗಳಿಗೆಯಲ್ಲಿ ಅಂಬಾಸಿಡರಿನ ದುಂಡು ಮೂತಿ ಮುಂದಿತ್ತು, ಅದನ್ನು ಎಲ್ಲರೂ ಕಂಡರು. ಕೂಗುತ್ತಿದ್ದ ಗುಂಪು ಈಗ ಬೇರೆ ಥರ ಕೂಗುತ್ತಿತ್ತು. ಅರ್ಮಾನ್ ಇಳಿದು ಬಂದು ಸೀದಾ ಅವಳ ಕಾರಿನ ಅಡಿಗೆ ತಲೆ ಹಾಕಿ ಮಲಗಿಬಿಟ್ಟ, ಏನಿದೆ ನೋಡಲು.

ನಂದಕುಮಾರ್ ಓಡಿ ಬಂದ. “ಸೋತ್ರೂ ಪರ್ವಾಗಿಲ್ಲ ಬಿಡು,” ಎಂದ.

“ಸೋತೆ. ನೆಟ್ಟಗೆ ಸೋತೆ,” ಎಂದಳು ಶಿಲ್ಪ, ನಗು ತಡೆಯಲಾರದೆ. “ಮುಂದಿನ್ ಸಲಾನೂ ಬರ್ತೀನಿ.”

ಅಷ್ಟರಲ್ಲಿ ವಿಜಯ್ ಕುಮಾರ್ ಗೋಪಾಲಮ್ಮನ ಕುರ್ಚಿಯ ಪಕ್ಕ ಕೂತು ವಿನಯದಿಂದ ಮಾತು ತೆಗೆದಿದ್ದರು. ಈಗಂತೂ ಕಾರಿಗೆ ಹೆಸರು ಬಂತು, ಮೊದಲು ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ ಎನ್ನುತ್ತಿದ್ದರು. ಗೋಪಾಲಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು.

“ನೋಡಪ್ಪ, ನೀನ್ ಒಳ್ಳೇವ್ನಂಗೆ ಕಾಣ್ತೀಯ. ಆದ್ರೆ ಕತ್ತರ್ಸಾಕೆ ಕೊಡಾಕಿಲ್ಲ. ನಿದ್ದೆ ಬರ್ತದೆ ನಂಗೆ ಅದ್ರಾಗೆ.” ಆಮೇಲೆ ಮಗನ ಕಡೆ ತಿರುಗಿದರು. “ನಂದ, ಆ ಲಾರೀನ ಕಳ್ಸು. ಆಮೇಲಿಂದ ನಿನ್ ತಂಗೀನ ನೋಡಿ ಜಗತ್ತೆಲ್ಲಾ ನಗಾ ಅಂಗೆ ಆಕಿದ್ಯಲ್ಲ, ಅದ್ಕೆ ಏನ್ ಏಳ್ತೀಯೋ ಅವಳ್ ಮುಂದೆ ಏಳು.”

ನಂದಕುಮಾರ್ ತಲೆ ತಗ್ಗಿಸಿದ. “ಟೈರ್ ನನ್ ಅಂಗಡೀಲೇ ಇತ್ತು,” ಎಂದ ಕೊನೆಗೆ, ಬಹಳ ಮೆಲ್ಲಗೆ. “ಆವತ್ತು ಸುಳ್ಳು ಹೇಳ್ದೆ.”

“ಗೊತ್ತು. ನೋಡ್ದೆ,” ಎಂದಳು ಶಿಲ್ಪ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಲಾರಿಯವನು ಹಲಗೆಗಳನ್ನು ದಡಾರನೆ ಎತ್ತಿಕೊಂಡ. ಮೈಕಿನಲ್ಲಿ ಇನ್ನೊಂದು ಸುತ್ತಿನ ಓಟಕ್ಕೆ ಹೆಸರು ಕೊಡುವವರು ಬನ್ನಿ ಎಂದು ಕೂಗುತ್ತಿದ್ದರು. ಶಿಲ್ಪ ಟೈರುಗಳ ಮೇಲೆ ಕೈಯಿಟ್ಟು ಬಿಸಿ ನೋಡಿದಳು, ನಾಸಿರನಿಗೆ ಸ್ವಲ್ಪ ಗಾಳಿ ಇಳಿಸಲು ಹೇಳಿದಳು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಸರು ಕೊಡುವ ಸಾಲಿನಲ್ಲಿ ಹೋಗಿ ನಿಂತಳು.